ಏಳನೇ ನಾಲಗೆ

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೂ ಪರವಾಗಿಲ್ಲ. ನನ್ನ ಮಾತು ನಂಬದವರ ಸಾಲು ಮೊಳಕಾಲ್ಮೂರಿನ ನಮ್ಮ ಮನೆ ಬಾಗಿಲಿಂದ ಚಳ್ಳಕೆರೆ ಸಂತೆಯವರೆಗೂ ಇದೆ. ನೀವೂ ಅದರ ಬಾಲಕ್ಕೆ ನಿಂತುಕೊಳ್ಳಿ. ಆದರೆ ಹೋದ ವರ್ಷ, ನನ್ನ ಹದಿನೈದನೇ ವಯಸ್ಸಿನಲ್ಲಿ, ನಾನೊಬ್ಬನೇ ನಮ್ಮ ಮೇಷ್ಟರನ್ನೂ ನಮ್ಮಪ್ಪನನ್ನೂ ವಿಲಾಯಿತಿ ಕಬ್ಬಿಣವನ್ನೂ ಒಂದೇ ವಾರದಲ್ಲಿ ಸೋಲಿಸಿದ್ದು ನಿಜ. ಒಬ್ಬನೇ ಅಂದರೆ, ಇನ್ನೂ ಮೂವರಿದ್ದರು. ಅವರ ಹೆಸರೇ ಬಾರದಂತೆ ಬರೆಯೋಣ ಎಂದಿದ್ದೆ. ಆದರೆ ಆ ಮೂವರಲ್ಲೊಬ್ಬಳು ಇದನ್ನು ಓದಿಸಿಕೊಂಡು ಕೇಳುತ್ತಾಳಂತೆ. ಹೆಸರು ಬರುವುದಿಲ್ಲ, ಅವರು ಬರುತ್ತಾರೆ.

ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲಿಗೆ ಹೋಗಿ ವಾಪಸು ಬಂದ ಮರುವರ್ಷ ಅದು. ನಮ್ಮದು ಕಮ್ಮಾರರ ಮನೆ, ಬೆಟ್ಟದ ಬುಡದಲ್ಲಿ. ಬೀದಿಯ ಕಡೆ ಅಪ್ಪನ ಕುಲುಮೆ. ಚಳ್ಳಕೆರೆಯಿಂದ ಗಾಡಿಯಲ್ಲಿ ತಂದ ವಿಲಾಯಿತಿ ಕಂಬಿ ಕಾಸಿ ಅಪ್ಪ ಕುಳ, ಕುಡುಗೋಲು, ಗಾಡಿಪಟ್ಟಿ ಮಾಡುತ್ತಿದ್ದ. ಹಿತ್ತಲಲ್ಲಿ ಅಜ್ಜನ ಉಕ್ಕಿನ ಒಲೆ. ಎದೆಮಟ್ಟದ ಗುಂಡಿ, ಅದರ ಮುಂದೆ ಆಳೆತ್ತರದ ದಪ್ಪ ಮಣ್ಣಿನ ಗೋಡೆ. ಗೋಡೆಯ ಆ ಕಡೆ ಬೆಂಕಿ, ಈ ಕಡೆ ಗಾಳಿ ಊದುವ ಚರ್ಮದ ತಿದಿ ಒತ್ತುವವರು. ಬೆಂಕಿ ನೋಡಲಿಕ್ಕೆ ಗೋಡೆಯ ನಡುವೆ ಅಂಗೈ ಅಗಲದ ಒಂದು ತೂತು. ನಾನು ಹುಟ್ಟುವ ಮುಂಚೆಯೇ ಒಲೆ ತಣ್ಣಗಾಗಿತ್ತು. ಅಂಗಡಿಯಲ್ಲಿ ಕಂಬಿ ಸಿಗುವಾಗ ಹಳ್ಳದ ಕಪ್ಪು ಮರಳು ಕರಗಿಸಿ ಕಬ್ಬಿಣ ತೆಗೆಯುವವರು ಯಾರು? ಅದರೊಳಗೆ ನಮ್ಮ ಕೋಳಿ ಮೊಟ್ಟೆ ಇಡುತ್ತಿತ್ತು. ದಿನಕ್ಕೆ ಹನ್ನೆರಡು. ಆಯ್ತು, ಒಂದು.

ಆ ತೂತಿನಲ್ಲಿ ಬೆಂಕಿ ನೋಡಿ ನೋಡಿಯೇ ಅಜ್ಜನ ಕಣ್ಣು ಹೋಗಿತ್ತು. ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಅವನ ಮಂಚದ ಕೆಳಗೆ, ಕಂಬಳಿಯ ತುಂಡಿನಲ್ಲಿ ಸುತ್ತಿದ ಒಂದು ಹಿಡಿ ಕಬ್ಬಿಣವಿತ್ತು. ತಾನೇ ಕಪ್ಪು ಮರಳಿನಿಂದ ಇಳಿಸಿದ್ದರಲ್ಲಿ ಉಳಿದ ಕೊನೆಯ ಗಡ್ಡೆ. ಸಾಯುವ ಮುಂಚೆ ಅದನ್ನೊಮ್ಮೆ ಉಕ್ಕು ಮಾಡಬೇಕೆಂದು ಅವನ ಆಸೆ. ದೀಪಾವಳಿಗೆ ಮಾಡೋಣ ಅನ್ನುತ್ತಿದ್ದ, ದೀಪಾವಳಿ ಬಂದರೆ ಯುಗಾದಿಗೆ ಅನ್ನುತ್ತಿದ್ದ.

ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಹೇಳಿಬಿಟ್ಟ. "ಚಳ್ಳಕೇರಿಗೆ ಹೋಗಿ ಬಂದ ಮ್ಯಾಲೆ ಹಿತ್ತಲ ಒಲೆ ಒಡ್ದು ಹಾಕ್ತೀನಿ. ಗಾಡಿ ಚಕ್ರಕ್ಕೆ ಪಟ್ಟಿ ಏರ್ಸಾಕೆ ಜಾಗ ಬೇಕು."

ಅಜ್ಜ ಮುದ್ದೆಯ ಮೇಲಿನ ಕೈ ತೆಗೆಯಲಿಲ್ಲ. ನುಂಗಲೂ ಇಲ್ಲ. ಅವ್ವ ಇನ್ನೊಂದು ಸೌಟು ಸಾರು ಬಿಟ್ಟಳು, ಅದೂ ತಣ್ಣಗಾಯಿತು.

ಮಾರನೇ ದಿನ ಶಾಲೆಯಲ್ಲಿ ನಮ್ಮ ಮೇಷ್ಟರು ಜೇಬಿನಿಂದ ಒಂದು ಮಡಿಸುವ ಚಾಕು ತೆಗೆದು, ಬಿಡಿಸಿ, ಬಿಸಿಲಿಗೆ ಹಿಡಿದರು. ಅವರು ಬೇರೆ ಸೀಮೆಯಿಂದ ಬಂದವರು. ನಮ್ಮ ಊರಿನ ಬಿಸಿಲು, ನೀರು, ನಾವು, ಮೂರೂ ಅವರಿಗೆ ಆಗುತ್ತಿರಲಿಲ್ಲ. "ಇದು ಉಕ್ಕು. ವಿಲಾಯಿತಿಯಲ್ಲಿ ಮಾಡುತ್ತಾರೆ. ನಿಮ್ಮ ಜನಕ್ಕೆ ಸಗಣಿ ತಟ್ಟುವುದು ಬಿಟ್ಟು ಇನ್ನೇನು ಬರುತ್ತದೆ?" ಅಂದರು.

ನನ್ನ ಬಾಯಿ ನನ್ನನ್ನು ಕೇಳಿ ತೆರೆಯುವುದಿಲ್ಲ. ಎದ್ದು ನಿಂತು ಹೇಳಿದೆ: "ಮೇಷ್ಟ್ರೇ, ನಮ್ಮಜ್ಜ ಇಂಥಾ ಉಕ್ಕು ಊಟಕ್ಕೆ ಮುಂಚೆ ಏಳು ಉಂಡೆ ಮಾಡ್ತಾನೆ. ಕಣ್ಣು ಮುಚ್ಕಂಡು."

"ಹೌದೇನೋ? ಸೋಮವಾರ ಒಂದು ತೋರಿಸು. ಇಲ್ಲದಿದ್ದರೆ 'ನಾನು ಸುಳ್ಳ' ಅಂತ ಹಲಗೆ ಕಟ್ಟಿಕೊಂಡು ಪೇಟೆಯೆಲ್ಲ ಸುತ್ತಬೇಕು."

ಹಲಗೆಗೆ ನಾನು ಹೆದರಲಿಲ್ಲ. ಪೇಟೆಯವರಿಗೆ ಅದು ಹೊಸ ಸುದ್ದಿಯೇನೂ ಅಲ್ಲ. ಆದರೆ ಮನೆಗೆ ಬಂದಾಗ ಅಜ್ಜ ಹಿತ್ತಲಲ್ಲಿ ಆ ಗೋಡೆಯನ್ನು ಎತ್ತಿನ ಮೈ ಸವರಿದಂತೆ ಸವರುತ್ತಾ ನಿಂತಿದ್ದ. ನಾನು ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ಊಟಕ್ಕೆ ಮುಂಚೆ ಏಳಾ?" ಅಂದ ಅಜ್ಜ. "ಹನ್ನೊಂದು ಮಾಡ್ತಿದ್ದೆ ಕಣ್ಲಾ."

ಈ ಗುಣ ನನಗೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಗುರುವಾರ ಅಪ್ಪ, ಅವ್ವ ಸೋದರತ್ತೆಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಚಳ್ಳಕೆರೆಗೆ ಗಾಡಿ ಕಟ್ಟಿದರು. ಬರುವುದು ಸೋಮವಾರ. ಗಾಡಿ ತಿರುವು ದಾಟುವಷ್ಟರಲ್ಲಿ ಅಜ್ಜ ಮಂಚದ ಕೆಳಗೆ ಕೈ ಹಾಕಿದ್ದ. ಮಧ್ಯಾಹ್ನಕ್ಕೆ ಲಾಳ ಕಟ್ಟುವ ಸಾಹೇಬರ ಮಗ ಎರಡು ತಿದಿ ಚರ್ಮ ಹೆಗಲ ಮೇಲೆ ಹೊತ್ತು ಬಂದ. ಅವನು ನನ್ನ ಜೊತೆಯವನು. ತೋಳು ಮಾತ್ರ ನನ್ನ ತೊಡೆಯಷ್ಟು. ಒಮ್ಮೆ ಒಂದು ಎತ್ತನ್ನು ಒಂದೇ ಕೈಯಲ್ಲಿ ಎತ್ತಿ ಮಲಗಿಸಿದ್ದ. ಎತ್ತಲ್ಲ, ಕರು. ಆದರೂ.

ತಿದಿ ಬಂತು, ಕಬ್ಬಿಣ ಇತ್ತು, ಇದ್ದಿಲಿಗೆ ಅಪ್ಪನ ಕುಲುಮೆಯ ಮೂಟೆಗಳಿದ್ದವು. ಇಲ್ಲದ್ದು ಒಂದೇ.

"ಬೆಂಕಿ ಯಾರು ನೋಡ್ತಾರೆ?" ಅಂದ ಅಜ್ಜ.

"ನಾನು."

ಲಾಳದ ಹುಡುಗ ತಿದಿ ಕೆಳಗಿಟ್ಟು ನಕ್ಕ. "ಇವನಾ? ಅಜ್ಜಾರೆ, ಮೊನ್ನೆ ಹನ್ನೆರಡು ಮೊಳದ ಹಾವು ಅಂದ. ಓಡಿಹೋಗಿ ನೋಡಿದ್ರೆ ಎರೆಹುಳ. ಪಕ್ಕಾ ಝೂಟಾ ಇವನು."

"ಉದ್ದ ಇತ್ತು ಕಣೋ, ಎರೆಹುಳಕ್ಕೆ!"

ಅಜ್ಜ ನಗಲಿಲ್ಲ. ಅವನು ಕೂತು ಒಂದು ಕಥೆ ಹೇಳಿದ. ಒಂದು ಕಾಲದಲ್ಲಿ ಅಗ್ನಿ ದೇವತೆಗಳ ಮೇಲೆ ಮುನಿಸಿಕೊಂಡು ಓಡಿಹೋದನಂತೆ. ಎರಡು ತಲೆ, ಏಳು ನಾಲಗೆ, ಏರಲು ಒಂದು ಟಗರು. ಇಷ್ಟೆಲ್ಲ ಇಟ್ಟುಕೊಂಡು ಬಚ್ಚಿಟ್ಟುಕೊಳ್ಳುವುದು ಸುಲಭವೇ? ನೀರಿನ ತಳ ಸೇರಿದ. ನೀರು ಬಿಸಿಯಾಯಿತು. ಕಪ್ಪೆ ತಡೆಯಲಾರದೆ ಮೇಲೆ ಬಂದು ಎಲ್ಲರಿಗೂ ಒದರಿಬಿಟ್ಟಿತು. ನಿನಗೆ ನಾಲಗೆಯೇ ಇಲ್ಲದೆ ಹೋಗಲಿ ಎಂದು ಅಗ್ನಿ ಶಾಪ ಕೊಟ್ಟ. ಆಮೇಲೆ ಮರದಲ್ಲಿ ಅಡಗಿದ, ಅಲ್ಲೂ ಯಾರೋ ಹೇಳಿಕೊಟ್ಟರು. ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. ಇಲ್ಲಿಂದ ಮುಂದೆ ನಮ್ಮ ಮನೆಯದು. ಕೊನೆಗೆ ಅಗ್ನಿ ನಮ್ಮ ಹಳ್ಳದ ಕಪ್ಪು ಮರಳಿನಲ್ಲಿ ಹೊಕ್ಕ. ಮರಳು ಯಾರಿಗೂ ಹೇಳಲಿಲ್ಲ. ಇವತ್ತಿಗೂ ಹೇಳುವುದಿಲ್ಲ. ಅದಕ್ಕೇ ಅವನನ್ನು ಹೊರಗೆ ಕರೆಯಬೇಕಾದರೆ ಬೈದರೆ ಆಗದು, ಬಣ್ಣ ನೋಡಿ ಮಾತಾಡಿಸಬೇಕು. ಅವನು ಒಂದೊಂದಾಗಿ ಏಳು ನಾಲಗೆ ಹೊರಗೆ ಹಾಕುತ್ತಾನೆ, ಒಂದೊಂದಕ್ಕೂ ಒಂದೊಂದು ಬಣ್ಣ. ಆರನೆಯದಕ್ಕೇ, ಕಬ್ಬಿಣವಿಟ್ಟ ಮಣ್ಣಿನ ಮೂಸೆ ಹೊರಗೆ ತೆಗೆದರೆ ಕಬ್ಬಿಣ ಅರ್ಧ ಕರಗಿ ಹಾಳು. ಏಳನೆಯದು ಬಂದ ಮೇಲೂ ಬಿಟ್ಟರೆ ಮೂಸೆಯೇ ಒಡೆದು ಹಾಳು.

"ನೀನು ಕಪ್ಪೆ ಜಾತಿ," ಅಂದ ಅಜ್ಜ ನನ್ನ ಕಡೆ ತಿರುಗಿ. "ನಿನ್ನ ಬಾಯಿ ನಂಬಿ ನಾನು ಇಕ್ಕಳ ಹಾಕಾಕಿಲ್ಲ. ಇರೋದೊಂದು ಗಡ್ಡೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಬೇಲಿಯ ಕಡೆಯಿಂದ ದನಿ ಬಂತು.

"ವಾಡಿ ಬಾಯಿ ಯಾಕೆ ಬೇಕು ತಾತಾ? ನೂಲು ಐತಲ್ಲ."

ಬೇಲಿಯ ಆಚೆ ರೇಷ್ಮೆಗೆ ಬಣ್ಣ ಹಾಕುವವರ ಮನೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಆ ಮನೆಯ ಹುಡುಗಿಗೆ ಹನ್ನೆರಡು ವರ್ಷ. ಮೊಣಕೈವರೆಗೂ ಸದಾ ಬಣ್ಣ. ಒಂದು ದಿನ ನೀಲಿ ಕೈ, ಒಂದು ದಿನ ಹಳದಿ ಕೈ. ಅವಳು ಹೇಳಿದ್ದು ಇಷ್ಟು: ಅಜ್ಜ ಏಳು ಬಣ್ಣವನ್ನೂ ನೆನಪಿನಿಂದ ಹೇಳಲಿ. ತಾನು ಅದಕ್ಕೆ ಸರಿಯಾಗಿ ನೂಲು ಅದ್ದಿ ಕೊಡುತ್ತೇನೆ. ಬೆಂಕಿಯ ತೂತಿನ ಸುತ್ತ ನೂಲು ಅಂಟಿಸಿದರೆ, ನೋಡುವವನು ಬೆಂಕಿಗೂ ನೂಲಿಗೂ ಹೋಲಿಸಿ, ಎಷ್ಟನೆಯದು ಅಂತ ಲೆಕ್ಕ ಹೇಳಿದರೆ ಸಾಕು.

"ಸುಳ್ಳು ಹೇಳಿದ್ರೆ ನಾನು ಪಕ್ಕದಲ್ಲೇ ಇರ್ತೀನಿ," ಎಂದೂ ಸೇರಿಸಿದಳು.

ಹಾಗೆ ನಾವು ಅಗ್ನಿಯನ್ನು ಮಾಡಲು ಕೂತೆವು. ತೂತೇ ಬಾಯಿ, ಮಣ್ಣಿಗೆ ಒತ್ತುವ ನೂಲೇ ನಾಲಗೆ. ಅದರ ಸುತ್ತ ಗೋಡೆಗೆ ಹಸಿ ಕೆಮ್ಮಣ್ಣು ಮೆತ್ತಿ ನಾನು ಮುಖ ತಿದ್ದಿದೆ. ಮೂಗು ನನ್ನದೇ ಮೂಗಿನಂತೆ ಬಂತು, ಅದಕ್ಕೇ ಅಷ್ಟು ಚೆನ್ನಾಗಿತ್ತು. ಎರಡನೇ ತಲೆ ಪಕ್ಕಕ್ಕೆ ತಿರುಗಿ ಮುನಿಸಿಕೊಂಡಿತ್ತು. ಅದಕ್ಕೆ ಮೇಷ್ಟರ ಮೀಸೆ ಇಟ್ಟೆ. ಲಾಳದ ಹುಡುಗ ದೂರ ನಿಂತಿದ್ದ.

"ದೇವ್ರ ಮುಖ ನೀನೇ ಮಾಡು ಯಾರ್. ಅಬ್ಬಾಗೆ ಗೊತ್ತಾದ್ರೆ ನನ್ನ ಕಾಲಿಗೇ ಲಾಳ ಹೊಡೀತಾರೆ."

"ಹಂಗಾರೆ ಸುಮ್ನೆ ನಿಂತಿರ್ತೀಯಾ?"

ಅವನು ಯೋಚಿಸಿದ. "ಟಗರು ನಾನು ಮಾಡ್ತೀನಿ. ಟಗರು ಬರೀ ಜಾನ್ವರ್, ಪ್ರಾಣಿ. ಅದಕ್ಕೆ ಯಾರೂ ಏನೂ ಅನ್ನಲ್ಲ."

ಅವನು ಮಾಡಿದ ಟಗರು ನೋಡಿ ನಮ್ಮ ಬೀದಿಯ ನಿಜವಾದ ಟಗರು ಓಡಿಬಂದು ಗೋಡೆಗೆ ಗುದ್ದಿತು. ಇದು ಸುಳ್ಳಲ್ಲ. ಬೇಕಾದರೆ ಟಗರನ್ನು ಕೇಳಿ.

ಅಜ್ಜ ಮಂಚದಲ್ಲಿ ಕೂತು ಬಣ್ಣ ಹೇಳುತ್ತಾ ಹೋದ. ಮೊದಲನೆಯದು ಕೋಳಿಯ ಗುಂಡಿಗೆಯ ಬಣ್ಣ. ಎರಡನೆಯದು ಗಿಡದಲ್ಲೇ ಒಣಗಿದ ಮೆಣಸಿನಕಾಯಿ. ಮೂರು ಮುತ್ತುಗದ ಹೂ. ಹುಡುಗಿ ಒಂದೊಂದಕ್ಕೂ ಕೇಳುತ್ತಿದ್ದಳು: "ಬೆಳಗ್ಗಿನ ಹೂವಾ ತಾತಾ, ಬಾಡಿದ್ದಾ?" ಅಜ್ಜ ಕಣ್ಣು ಮುಚ್ಚಿ ನೋಡುತ್ತಿದ್ದ, ಮುಚ್ಚದಿದ್ದರೂ ಕಾಣದ ಕಣ್ಣು. "ಬೆಳಗ್ಗಿಂದು. ಇಬ್ಬನಿ ಒಣಗಿರಬೇಕು." ಅವಳು ಓಡಿಹೋಗಿ ಅದ್ದಿಕೊಂಡು ಬರುತ್ತಿದ್ದಳು. ತಪ್ಪಿದ್ದರೆ ಅಜ್ಜನಿಗೆ ಹೇಗೆ ತಿಳಿಯಬೇಕು? ಅವಳೇ ತನ್ನ ತಪ್ಪು ಹಿಡಿದು ನೂಲನ್ನು ಎಸೆಯುತ್ತಿದ್ದಳು. ಐದನೆಯದು ತಂಗಡಿ ಹೂವಿನ, ಆವರಿಕೆ ಅಂತಾರಲ್ಲ ಅದರ, ಹಳದಿ. ಅದನ್ನು ಸುಲಭವಾಗಿ ಒಪ್ಪಿಸಿದಳು, ಕೊಂಡ್ಲಹಳ್ಳಿ ದಾರಿಯಿಂದ ಒಂದು ಹೊರೆ ತಂಗಡಿ ಕಡಿದು ತಂದು ಹಿತ್ತಲಲ್ಲೇ ಹಾಕಿದ್ದೆವಲ್ಲ. ಅದರ ಚಕ್ಕೆ ಇಲ್ಲದೆ ಕಬ್ಬಿಣ ಉಕ್ಕಾಗದು. ಆರನೆಯದು ಹೊಸ ಬೆಣ್ಣೆ.

"ಏಳನೇದು," ಅಂದ ಅಜ್ಜ. ನನ್ನ ಕಡೆ ತಿರುಗಿದ. "ಬಿಳಿ ಅಲ್ಲ. ಚಿನ್ನಾನೂ ಅಲ್ಲ. ನಿಮ್ಮವ್ವ ಈ ಮನಿಗೆ ಕಾಲಿಟ್ಟ ದಿನ ಒಲೆ ಉರೀತಿತ್ತು. ಬೆಂಕಿಗೆ ಕೈ ಮುಗಿ ಅಂತ ಕರ್ಕಂಡು ಬಂದ್ರು. ಅವಳ ಮದ್ವೆ ಸೀರೆ ಸೆರಗಿನ ಅಂಚು, ಬೆಂಕಿ, ಎರಡೂ ಒಂದೇ ಕಂಡ್ವು. ಅದೇ ಬಣ್ಣ."

ಹುಡುಗಿ ಎರಡು ದಿನ ಒದ್ದಾಡಿದಳು. ಹದಿನಾರು ಸಲ ಅದ್ದಿದಳು. ಶನಿವಾರ ಸಂಜೆ ಬಂದು, "ಆಗಲ್ಲ. ಆ ಬಣ್ಣ ಹಾಕಿದ್ದು ನಮ್ಮ ಜೇಜಿ, ಅಪ್ಪನ ಅವ್ವ. ಹೆಂಗೆ ಅಂತ ಯಾರಿಗೂ ಹೇಳ್ದೇ ಹೋಗ್ಬಿಟ್ಳು," ಎಂದು ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಹಳದಿಯಾಯಿತು.

ಏಳನೇ ನೂಲು ಹೇಗೆ ಬಂತು ಎಂಬುದನ್ನು ಅಜ್ಜನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಅವ್ವನ ಪೆಟ್ಟಿಗೆಯ ಕೀಲಿ ಉಪ್ಪಿನ ಗಡಿಗೆಯಲ್ಲಿರುತ್ತದೆ. ಸೆರಗಿನ ಅಂಚಿನಿಂದ ಒಂದು ಗೇಣು ಎಳೆ ಬಿಡಿಸೋಣ ಎಂದುಕೊಂಡೆ. ರೇಷ್ಮೆಯ ಗುಣ ನಿಮಗೆ ಗೊತ್ತಿರಬೇಕು, ನನಗೆ ಗೊತ್ತಿರಲಿಲ್ಲ. ಒಂದು ಎಳೆದರೆ ಪಕ್ಕದ್ದು ನಾನೂ ಬರ್ತೀನಿ ಅನ್ನುತ್ತದೆ. ನಿಲ್ಲಿಸುವಷ್ಟರಲ್ಲಿ ಒಂದು ಮೊಳ ಅಂಚು ನನ್ನ ಕೈಯಲ್ಲಿತ್ತು. ಸೀರೆಯನ್ನು ಒಳಮಡಿಕೆ ಮಾಡಿ, ಮೇಲೆ ಬೇವಿನ ಸೊಪ್ಪಿಟ್ಟು, ಪೆಟ್ಟಿಗೆಗೆ ನಮಸ್ಕಾರ ಮಾಡಿ ಮುಚ್ಚಿದೆ.

ಭಾನುವಾರ ಬೆಳಗ್ಗೆ ಅಜ್ಜ ಸ್ನಾನ ಮಾಡಿ ಮೂಸೆ ಕಟ್ಟಿದ. ಹೊಟ್ಟು ಕಲಸಿದ ಮಣ್ಣಿನ, ತೆಂಗಿನಕಾಯಿ ಗಾತ್ರದ ಬಟ್ಟಲು. ಅದರೊಳಗೆ ಆ ಗಡ್ಡೆ, ತಂಗಡಿಯ ಚಕ್ಕೆ, ಎರಡು ಹಸಿ ಎಲೆ. ಮೇಲೆ ಮಣ್ಣಿನ ಮುಚ್ಚಳ. ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಇದ್ದಿಲ ನಡುವೆ ಇಳಿಸಿದ. ಲಾಳದ ಹುಡುಗ ತಿದಿ ಒತ್ತಿದ. ನಾನು ಅಗ್ನಿಯ ಬಾಯಿಗೆ ಕಣ್ಣಿಟ್ಟೆ. ಸುದ್ದಿ ಶಾಲೆಗೆ ಹೇಗೋ ಮುಟ್ಟಿತ್ತು. ಹೇಗೋ ಏನು, ನಾನೇ ಮನೆಮನೆಗೆ ಹೋಗಿ ಹೇಳಿದ್ದೆ. ಬೇಲಿಯ ಮೇಲೆ ಸಾವಿರ ಹುಡುಗರು. ಇಪ್ಪತ್ತು ಅನ್ನಿ. ಮೇಷ್ಟರೂ ಕೊಡೆ ಹಿಡಿದು ಬಂದು ನಿಂತರು.

"ಒಂದು!" ಎಂದು ಕೂಗಿದೆ. ಹುಡುಗರು ಚಪ್ಪಾಳೆ ತಟ್ಟಿದರು. "ಎರಡು!" ಮತ್ತೆ ಚಪ್ಪಾಳೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಬಹಳ ಹೊತ್ತಾಯಿತು. ಐದರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹುಡುಗರು ಒಬ್ಬೊಬ್ಬರೇ ಬೇಲಿ ಇಳಿಯತೊಡಗಿದರು. ಮೇಷ್ಟರು ಆಕಳಿಸಿದರು. "ಹಲಗೆಗೆ ಬಣ್ಣ ಬಳಿದಾಗಿದೆ, ಹೋಗೋಣವೇ?" ಅಂದರು.

ನನ್ನ ಬಾಯಿ ನನ್ನನ್ನು ಕೇಳಿ ತೆರೆಯುವುದಿಲ್ಲ ಎಂದು ಹೇಳಿದ್ದೆನಲ್ಲ.

"ಬಂತು! ಏಳು!"

ಹುಡುಗರು ಹೋ ಎಂದು ವಾಪಸು ಹತ್ತಿದರು. ಅಷ್ಟರಲ್ಲೇ ಅಜ್ಜ ಇಕ್ಕಳ ಹಿಡಿದು ಎದ್ದಿದ್ದ. ಗೋಡೆ ಸವರಿಕೊಂಡು ಬೆಂಕಿಯ ಕಡೆ ಬಂದ. ಬಣ್ಣದ ಹುಡುಗಿ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಕುಟುಕಿದಳು: "ಐದೇ ಕದರಾ? ಚೆಪ್ಪು!" ಇನ್ನೂ ಐದೇ ಎಂದು ಅವಳೇ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಳು.

ನಾನು ಅಜ್ಜನ ಕೈ ನೋಡಿದೆ. ನನ್ನನ್ನು ಯಾರೂ ಯಾವತ್ತೂ ಹಾಗೆ ನಂಬಿರಲಿಲ್ಲ. ಮುದುಕ ನನ್ನ ಒಂದು ಮಾತಿನ ಮೇಲೆ ಬೆಂಕಿಗೆ ಕೈ ಚಾಚಿದ್ದ, ಇರುವ ಒಂದೇ ಗಡ್ಡೆಗೆ. ನಗಿಸಲಿಕ್ಕೆ ಬಾರದ ಮಾತನ್ನು ಅಷ್ಟು ಜನರ ಮುಂದೆ ಆಡುವುದು ನನಗೆ ಅಭ್ಯಾಸವಿಲ್ಲ.

"ಅಲ್ಲ ಅಜ್ಜ," ಅಂದೆ. "ಐದು. ಇನ್ನೂ ಐದೇ. ನಾನು ಸುಳ್ಳು ಹೇಳ್ದೆ."

ಮೇಷ್ಟರು ಗಹಗಹಿಸಿ ನಕ್ಕರು. ಇಪ್ಪತ್ತು ಹುಡುಗರೂ ನಕ್ಕರು, ಆಗ ಮಾತ್ರ ಸಾವಿರದಂತೆಯೇ ಕೇಳಿಸಿತು. ಅಜ್ಜ ಇಕ್ಕಳ ಹಿಂದಕ್ಕೆಳೆದು, ಅದನ್ನು ಮಡಿಲಲ್ಲಿಟ್ಟು ಕೂತ.

"ಕಪ್ಪೆಗೆ ನಾಲಗಿ ಬಂತು," ಅಂದ. "ಒತ್ರಲೇ ತಿದಿ!"

ಆಮೇಲೆ ನಾನು ಚಪ್ಪಾಳೆ ಕೇಳಿಸಿಕೊಳ್ಳಲಿಲ್ಲ. ಬೆಂಕಿ ನೋಡಿದೆ, ನೂಲು ನೋಡಿದೆ, ಮತ್ತೆ ಬೆಂಕಿ. ಬೆಣ್ಣೆ ಬಂತು. "ಆರು" ಎಂದೆ, ಕೂಗದೆ. ಲಾಳದ ಹುಡುಗನ ಬೆವರು ನೆಲದಲ್ಲಿ ಮಡುಗಟ್ಟಿತ್ತು. ಅದರಲ್ಲಿ ಎಮ್ಮೆ ಮಲಗಬಹುದಿತ್ತು. ಒಂದು ಗಳಿಗೆಯಲ್ಲಿ ತೂತಿನೊಳಗಿನ ಬೆಳಕಿಗೂ ಅವ್ವನ ಅಂಚಿಗೂ ನಡುವೆ ಗೆರೆಯೇ ಕಾಣದಾಯಿತು. ನೂಲೂ ಉರಿಯುತ್ತಿದೆಯೇನೋ ಎಂದು ಮುಟ್ಟಿ ನೋಡಿದೆ. ತಣ್ಣಗಿತ್ತು. ಪಕ್ಕದ ಹುಡುಗಿಯೂ ನೋಡಿ ತಲೆಯಾಡಿಸಿದಳು.

"ಏಳು, ಅಜ್ಜ."

ಅವನು ಮೂಸೆಯನ್ನು ಇಕ್ಕಳದಲ್ಲೆತ್ತಿ, ಕಿವಿಯ ಬಳಿ ತಂದು ಮೆಲ್ಲಗೆ ಅಲುಗಿಸಿದ. ಒಳಗೆ ನೀರು ತುಳುಕಿದಂಥ ಸದ್ದು. ಅಜ್ಜ ಅದನ್ನು ಬೂದಿಯಲ್ಲಿ ಹೂತು, "ಇದರ ಪಾಡಿಗೆ ಇದು ಆರಬೇಕು. ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಅದರ ಪಕ್ಕದಲ್ಲೇ ಮಲಗಿಬಿಟ್ಟ.

ಸೋಮವಾರ ಬೆಳಗ್ಗೆ ಇಡೀ ಶಾಲೆ ನಮ್ಮ ಹಿತ್ತಲಲ್ಲಿತ್ತು. ಅಜ್ಜ ಮೂಸೆ ಒಡೆದ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ. ನೆತ್ತಿಯ ಮೇಲೆ ನಡುವಿಂದ ಅಂಚಿಗೆ ಗಾಡಿ ಚಕ್ರದ ಅರೆಕಾಲಿನಂತೆ ಸಣ್ಣ ಗೆರೆಗಳು. ಅಜ್ಜ ಹೆಬ್ಬೆರಳಲ್ಲಿ ಆ ಗೆರೆಗಳನ್ನು ಒಂದೊಂದಾಗಿ ಮುಟ್ಟಿದ. ಮುಟ್ಟುತ್ತಲೇ ಇದ್ದ. ಗೆರೆ ಇದ್ದರೆ ಉಕ್ಕು ಎಂದು ಅವನ ಮುಖವೇ ಹೇಳಿತು.

"ಚಾಕು ಕೊಡ್ರಿ ಮೇಷ್ಟ್ರೇ," ಅಂದೆ.

ಉಂಡೆಯ ಚಪ್ಪಟೆ ನೆತ್ತಿಯ ಚೂಪು ಅಂಚಿನಿಂದ ಅವರ ವಿಲಾಯಿತಿ ಚಾಕುವಿನ ಮೈ ಮೇಲೆ ಎಳೆದೆ. ಹೊಲದಲ್ಲಿ ನೇಗಿಲು ಹೋದಂತೆ ಗೆರೆ ಬಿತ್ತು. ಮೇಷ್ಟರು ಅದನ್ನು ಧೋತ್ರದಲ್ಲಿ ಒರೆಸಿದರು. ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದರು. ಹೋಗಲಿಲ್ಲ.

"ಏನೋ ಅದೃಷ್ಟ," ಅಂದರು.

"ಅದೃಷ್ಟಕ್ಕೆ ಏಳು ಬಣ್ಣ ಇರ್ತಾವಾ ಮೇಷ್ಟ್ರೇ?"

ಆಗಲೇ ಗಾಡಿಯ ಗಂಟೆ ಕೇಳಿಸಿತು. ಅವ್ವ ಬಟ್ಟೆಗಂಟು ಇಡಲು ಒಳಗೆ ಹೋದಳು. ಅಪ್ಪ ನೆಟ್ಟಗೆ ಹಿತ್ತಲಿಗೆ ಬಂದ. ಎರಡು ತಲೆಯ ಅಗ್ನಿಯನ್ನು ನೋಡಿದ, ಟಗರನ್ನು ನೋಡಿದ, ಖಾಲಿಯಾದ ತನ್ನ ಇದ್ದಿಲ ಮೂಟೆಗಳನ್ನು ನೋಡಿದ. ಅಜ್ಜ ಉಂಡೆ ಚಾಚಿದ. ಅಪ್ಪ ಅದನ್ನು ಕಿವಿಗೆ ಹಿಡಿದು ಉಗುರಿನಿಂದ ತಟ್ಟಿ, ಸದ್ದು ಪೂರ್ತಿ ಆರುವವರೆಗೂ ಕೇಳಿದ.

"ಚೆನ್ನಾಗೈತೆ," ಅಂದ. "ಆದ್ರೂ ಜಾಗ ಬೇಕು." ಮೂಲೆಯಲ್ಲಿದ್ದ ಹಾರೆ ಕೈಗೆತ್ತಿಕೊಂಡ.

ನಾನು ಗೋಡೆ ಹತ್ತಿ ನಿಂತೆ. "ಒಡೀರಿ ನೋಡಾನ! ಮೊದ್ಲು ನನ್ನ ಒಡೀರಿ! ನಿಮ್ಮ ಕಂಬಿ ಅಂಗಡೀಲಿ ಸಿಗ್ತೈತೆ, ಈ ಗೋಡೆ ಯಾವ ಅಂಗಡೀಲಿ ಸಿಗ್ತೈತೆ?" ಬೇಲಿಯ ಮೇಲಿನವರು ಸೀಟಿ ಹೊಡೆದರು. ಲಾಳದ ಹುಡುಗ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಬಣ್ಣದ ಹುಡುಗಿ ಮಣ್ಣಿನ ಟಗರಿನ ಕೊಂಬು ಹಿಡಿದುಕೊಂಡಳು. ಅಪ್ಪ ಹಾರೆ ಎತ್ತಿದ. ನಾನು ಇನ್ನೂ ದೊಡ್ಡದೊಂದು ಮಾತಿಗೆ ಬಾಯಿ ತೆರೆದೆ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಎರಡೂ ಕೈಯಲ್ಲಿ ಮದುವೆ ಸೀರೆ. ಸೆರಗು ಇಲಿ ತಿಂದ ರೊಟ್ಟಿಯಂತಿತ್ತು.

ಸೀಟಿ ನಿಂತಿತು. ಮೇಷ್ಟರು ಕೊಡೆ ಮಡಚಿದರು. ಅವ್ವ ಯಾರನ್ನೂ ನೋಡದೆ ಗೋಡೆಯ ಹತ್ತಿರ ಬಂದು, ಅಗ್ನಿಯ ಏಳನೇ ನಾಲಗೆಯನ್ನು ಬೆರಳಿನಿಂದ ಮುಟ್ಟಿದಳು.

"ಲೇ, ಯಾಕೆ ಎಲ್ರೂ ಸುಮ್ಕಾದ್ರಿ?" ಅಂದ ಅಜ್ಜ. "ನಿಮ್ಮವ್ವ ಬಂದ್ಲಾ? ಮುಖ ಯಾವ ಬಣ್ಣಕ್ಕೈತೆ?"

"ಏಳನೇದು, ಅಜ್ಜ."

"ನಿಜ ಹೇಳು."

"ಈ ಸಲ ನಿಜ."

ಅವ್ವ ಅಪ್ಪನ ಕಡೆ ತಿರುಗಿದಳು. "ಹಾರೆ ಕೆಳಗಿಡ್ರಿ. ನನ್ನ ಸೀರೆ ಈ ಗೋಡ್ಯಾಗೈತೆ. ಇವನು ಒಂದೊಂದು ಎಳೆನೂ ಕೈಯಾಗೆ ಬಿಡಿಸಿ, ತೊಳದು, ನನ್ನ ಸೆರಗಿಗೆ ಸೇರ್ಸೋ ಗಂಟ ಈ ಗೋಡೆ ಯಾರೂ ಮುಟ್ಟಂಗಿಲ್ಲ." ಆಮೇಲೆ ಮೇಲೆ ನೋಡಿದಳು. "ನೀನು ಇಳಿ."

ಹಾರೆ ನೆಲಕ್ಕೆ ಬಿತ್ತು. ನಾನು ಇಳಿದೆ. ನೆಲ ಮುಟ್ಟುವ ಮುಂಚೆಯೇ ಕಿವಿ ಅವಳ ಕೈಯಲ್ಲಿತ್ತು. ಒಣಗಿದ ಮಣ್ಣಿನಿಂದ ರೇಷ್ಮೆ ಬಿಡಿಸುವುದು ಅವಸರದ ಕೆಲಸವಲ್ಲ. ನಾನು ಅವಸರದವನೂ ಅಲ್ಲ.